ಕವಿಯ ಬೆಳವಣಿಗೆ: ಅಡಿಗರ ಕಾವ್ಯದ ಆಧಾರದಿಂದ ಒಂದು ವಿವೇಚನೆ

೧

ಸಾಹಿತ್ಯ ವಿಮರ್ಶೆಯಲ್ಲಿ ನಾವು ಹೆಚ್ಚು ವಿಚಾರಮಾಡದೆ ಬಳಸುವ ಮಾತುಗಳಲ್ಲಿ 'ಬೆಳವಣಿಗೆ' ಎಂಬುದೂ ಒಂದು. ಕವಿಯೊಬ್ಬನ ಮೊದಲ ಸಂಗ್ರಹವನ್ನು ಆರಂಭದ ಪ್ರಯತ್ನವೆಂದೂ, ನಡುವಿನದನ್ನು ಸಂಧಿಕಾಲದ ಕೃತಿಯೆಂದೂ, ಕಡೆಯದನ್ನು ಪರಿಪಕ್ವವೆಂದೂ ಕರೆದು ಮುಂದೆ ಸಾಗುತ್ತೇವೆ. ಬೀಜ ಮೊಳೆತು, ಗಿಡವಾಗಿ, ಮರವಾಗಿ, ಫಲ ಕೊಡುವ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುವ ಮಾತು ಇದು. ಆದರೆ ಮರಕ್ಕೆ ತಾನು ಬೆಳೆಯಬೇಕೆಂಬ ಚಿಂತೆಯಿಲ್ಲ. ನಿನ್ನೆಯ ಚಿಗುರನ್ನು ಇಂದು ತಾನೇ ನಿರಾಕರಿಸಬೇಕಾದ ಸಂಕಟವೂ ಅದಕ್ಕಿಲ್ಲ. ಲೇಖಕನಿಗೆ ಇವೆರಡೂ ಉಂಟು. ಆದುದರಿಂದ ಲೇಖಕನ ಬೆಳವಣಿಗೆಯನ್ನು ಕುರಿತು ಮಾತನಾಡುವಾಗ ಅವನು ಏನನ್ನು ಪಡೆದನು ಎಂದು ಕೇಳಿದರೆ ಸಾಲದು. ಅದಕ್ಕಾಗಿ ಅವನು ಏನನ್ನು ಬಿಟ್ಟುಕೊಡಬೇಕಾಯಿತು, ಬಿಟ್ಟುದು ಯಾವ ರೂಪದಲ್ಲಿ ಅವನಿಗೆ ಮರಳಿ ಬಂದಿತು ಎಂಬುದನ್ನೂ ಕೇಳಬೇಕು.

ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಎಂ. ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅಡಿಗರನ್ನೇ ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ತನ್ನದೇ ಆದ ನುಡಿಗಾಗಿ ಕವಿ ಪಡುವ ಹಂಬಲವನ್ನೇ ವಸ್ತುವಾಗಿ ಮಾಡಿಕೊಂಡ ಕವಿತೆಯೊಂದು ಅವರ ಪ್ರಥಮ ಸಂಗ್ರಹದಲ್ಲಿಯೇ ಇದೆ ಎಂಬುದು ಮೊದಲನೆಯದು. ಪ್ರೌಢಾವಸ್ಥೆಯಲ್ಲಿ ಅವರು ಪ್ರಕಟಿಸಿದ ಸಂಗ್ರಹವೊಂದರ ಹೆಸರು 'ವರ್ಧಮಾನ' ಎಂದಿರುವುದು ಎರಡನೆಯದು. ಬೆಳೆಯುವುದರ ಕಷ್ಟಸುಖಗಳನ್ನು ಹೊರಗಿನಿಂದ ಊಹಿಸಬೇಕಾದ ಅಗತ್ಯ ಇಲ್ಲಿ ಅಷ್ಟಾಗಿ ಬರುವುದಿಲ್ಲ; ಕವಿಯೇ ಅವುಗಳ ಕಡೆಗೆ ಬೆರಳು ತೋರಿಸಿದ್ದಾರೆ.

೨

ನಮ್ಮ ಆಲಂಕಾರಿಕರು ಕವಿಯ ಬೆಳವಣಿಗೆಯನ್ನು ಅಲಕ್ಷಿಸಿದ್ದರು ಎಂಬ ಭಾವನೆ ಕೆಲವರಲ್ಲಿದೆ. ಇದು ಪೂರ್ತಿ ನಿಜವಲ್ಲ. ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಗೆ ಹತ್ತು ಅವಸ್ಥೆಗಳನ್ನು ಹೇಳುತ್ತಾನೆ. ಕಾವ್ಯವಿದ್ಯೆಗಾಗಿ ಗುರುಕುಲವನ್ನು ಸೇರಿದವನು ಮೊದಲನೆಯವನು. ಮನಸ್ಸಿನಲ್ಲಿಯೇ ಕಟ್ಟಿ ಮರೆಮಾಡುವವನು ಹೃದಯಕವಿ. ತಾನು ರಚಿಸಿದುದನ್ನು ದೋಷದ ಭಯದಿಂದ ಬೇರೊಬ್ಬನದೆಂದು ಹೇಳಿ ಓದುವವನು ಅನ್ಯಾಪದೇಶಿ. ಹಿಂದಿನ ಕವಿಗಳಲ್ಲಿ ಒಬ್ಬನ ಛಾಯೆಯನ್ನು ಹಿಡಿದು ಬರೆಯುವವನು ಸೇವಿತೃ. ಬಿಡಿಬಿಡಿಯಾಗಿ ನಿರ್ದುಷ್ಟ ಪದ್ಯಗಳನ್ನು ರಚಿಸಬಲ್ಲವನಾದರೂ ಪ್ರಬಂಧವನ್ನು ನಿರ್ವಹಿಸಲಾರದವನು ಘಟಮಾನ. ಆಮೇಲೆ ಮಹಾಕವಿ, ಕವಿರಾಜ ಮೊದಲಾದ ಮೇಲಿನ ಅವಸ್ಥೆಗಳು ಬರುತ್ತವೆ.

ಈ ಪಟ್ಟಿಯ ಮನೋಜ್ಞತೆ ಅದರ ಮಾನವೀಯತೆಯಲ್ಲಿದೆ. ಬರೆದುದನ್ನು ಬಚ್ಚಿಡುವ ಸಂಕೋಚ, ನಾಲ್ವರು ಏನೆಂದಾರೋ ಎಂಬ ಅಂಜಿಕೆ, ಮೆಚ್ಚಿದ ಕವಿಯ ಹಿಂದೆ ನಡೆಯುವ ನೆಮ್ಮದಿ, ಬಿಡಿಯಾಗಿ ಬಲ್ಲುದನ್ನು ಇಡಿಯಾಗಿ ಕಟ್ಟಲಾರದ ಅಸಹಾಯಕತೆ: ಇವು ಇಂದಿಗೂ ನಮ್ಮ ಕಾಲೇಜುಗಳಲ್ಲಿ ಕವಿತೆ ಬರೆಯುವ ತರುಣರು ಚೆನ್ನಾಗಿ ಬಲ್ಲ ಅವಸ್ಥೆಗಳೇ. ಆದರೆ ರಾಜಶೇಖರನು ಮೆಟ್ಟಿಲುಗಳನ್ನು ಎಣಿಸುತ್ತಾನೆಯೇ ಹೊರತು ಒಂದರಿಂದ ಮತ್ತೊಂದಕ್ಕೆ ಏರುವಾಗ ಏನಾಗುತ್ತದೆ ಎಂಬುದನ್ನು ವಿವರಿಸುವುದಿಲ್ಲ. ಸೇವಿತೃವು ಸೇವೆಯನ್ನು ಬಿಡುವುದು ಹೇಗೆ? ತಾನು ಮತ್ತೊಬ್ಬನ ಛಾಯೆಯಲ್ಲಿದ್ದೇನೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಇಲ್ಲಿಂದ ಮುಂದಕ್ಕೆ ಶಾಸ್ತ್ರದ ಸಹಾಯ ಸಾಲದು, ಕಾವ್ಯವನ್ನೇ ಕೇಳಬೇಕು.

೩

ಅಡಿಗರು ೧೯೧೮ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಇಂದು ಉಡುಪಿ ಜಿಲ್ಲೆಯಲ್ಲಿರುವ ಮೊಗೇರಿಯಲ್ಲಿ ಜನಿಸಿದರು. ಅವರ ಮೊದಲ ಸಂಗ್ರಹ 'ಭಾವತರಂಗ' ೧೯೪೬ರಲ್ಲಿ ಬೇಂದ್ರೆಯವರ ಮುನ್ನುಡಿಯೊಡನೆ ಪ್ರಕಟವಾಯಿತು. ಅಷ್ಟು ಹೊತ್ತಿಗೆ ನವೋದಯ ಕಾವ್ಯ ತನ್ನ ಭಾಷೆಯನ್ನು ರೂಪಿಸಿಕೊಂಡು ನಿಂತಿತ್ತು. ಹೊಸ ಕವಿಗೆ ಪದಗಳು ಸಿದ್ಧವಾಗಿದ್ದವು, ಲಯಗಳು ಸಿದ್ಧವಾಗಿದ್ದವು, ಓದುಗನ ಕಿವಿಯೂ ಸಿದ್ಧವಾಗಿತ್ತು. ಬೇಂದ್ರೆ, ಕುವೆಂಪು ಮುಂತಾದವರು ಅರಣ್ಯವನ್ನು ಕಡಿದು ಮಾಡಿದ ದಾರಿಯಲ್ಲಿ ಅವನು ಸುಗಮವಾಗಿ ನಡೆಯಬಹುದಾಗಿತ್ತು. ಹೀಗೆ ನಡೆಯುವುದರಲ್ಲಿ ಕಪಟವೇನೂ ಇಲ್ಲ. ತರುಣ ಕವಿಗೆ ಆ ಭಾಷೆ ಎರವಲೆಂದು ಅನ್ನಿಸುವುದಿಲ್ಲ. ತನ್ನ ಭಾವವೇ ಆ ರೂಪದಲ್ಲಿ ಉಕ್ಕುತ್ತಿದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ. ಅನುಕರಣವನ್ನು ಗುರುತಿಸುವುದು ಕಷ್ಟವಾಗುವುದು ಈ ಪ್ರಾಮಾಣಿಕತೆಯಿಂದಲೇ. ಸುಳ್ಳನ್ನು ಸುಳ್ಳೆಂದು ತಿಳಿಯುವುದು ಸುಲಭ. ನಿಜವಾದ ಭಾವವೇ ಇತರರ ಮಾತಿನಲ್ಲಿ ಹರಿಯುತ್ತಿರುವಾಗ ಅದನ್ನು ತಿಳಿಯುವುದು ಸುಲಭವಲ್ಲ.

'ಭಾವತರಂಗ'ದಲ್ಲಿ 'ನನ್ನ ನುಡಿ' ಎಂಬ ಕವಿತೆಯಿದೆ. ಇತರರು ಹೇಳಿದುದನ್ನೇ ಮತ್ತೆ ಮತ್ತೆ ಬರೆದು ತನ್ನ ಮನಸ್ಸು ಬಳಲಿದೆ, ತನ್ನೊಳಗನ್ನು ತೆರೆದು ತೋರಿಸಬಲ್ಲ ಮಾತು ತನಗೆ ಒದಗಬೇಕು ಎಂಬುದು ಅದರ ತಾತ್ಪರ್ಯ. ಮೊದಲ ಸಂಗ್ರಹದಲ್ಲಿಯೇ ಕವಿಗೆ ಈ ಎಚ್ಚರವಿದ್ದುದು ಗಮನಾರ್ಹ. ಆದರೆ ವಿಮರ್ಶಕನು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಎರವಲಿನ ಮಾತು ಸಾಕೆಂದು ಹೇಳುವ ಆ ಕವಿತೆಯೇ ಎರವಲಿನ ಮಾತಿನಲ್ಲಿದೆ. ಅದರ ಪ್ರಾಸ, ಅದರ ಸಂಬೋಧನೆಯ ಧಾಟಿ, ಅದರ ಹಂಬಲದ ಸ್ವರೂಪ ಎಲ್ಲವೂ ಅಂದಿನ ಭಾವಗೀತದ ಸಾಮಾನ್ಯ ಸ್ವತ್ತುಗಳು. ಕವಿಗೆ ರೋಗ ತಿಳಿದಿದೆ, ಔಷಧ ತಿಳಿದಿಲ್ಲ.

ಇದನ್ನು ನಾವು ದೋಷವೆಂದು ಹೇಳುತ್ತಿಲ್ಲ. ಬೆಳವಣಿಗೆಯ ಮೊದಲ ಕಷ್ಟ ಇಲ್ಲಿ ಸ್ಪಷ್ಟವಾಗಿ ಗೋಚರವಾಗುತ್ತದೆ ಎಂದು ಹೇಳುತ್ತಿದ್ದೇವೆ. ಲೇಖಕನ ಅರಿವು ಅವನ ಕೈಗಿಂತ ಬಹಳ ಮುಂದೆ ಇರುತ್ತದೆ. ತಾನು ಬರೆಯುತ್ತಿರುವುದು ತನ್ನದಲ್ಲವೆಂದು ತಿಳಿದ ಮೇಲೆಯೂ ತನ್ನದಾದುದನ್ನು ಬರೆಯಲು ಬಾರದ ಕಾಲವೊಂದು ಇರುತ್ತದೆ. ಅನೇಕ ಲೇಖಕರು ಬರವಣಿಗೆಯನ್ನು ನಿಲ್ಲಿಸುವುದು ಈ ಕಾಲದಲ್ಲಿಯೇ. ಅಡಿಗರು ನಿಲ್ಲಿಸಲಿಲ್ಲ. 'ಕಟ್ಟುವೆವು ನಾವು' ಎಂಬ ಎರಡನೆಯ ಸಂಗ್ರಹದಲ್ಲಿ ಅವರ ಧ್ವನಿ ಹೊಸ ನಾಡಿನ ಕನಸಿನ ಕಡೆಗೂ ಪ್ರತಿಭಟನೆಯ ಕಡೆಗೂ ತಿರುಗಿತು. ೧೯೫೨ರ ಮೂರನೆಯ ಸಂಗ್ರಹಕ್ಕೆ 'ನಡೆದು ಬಂದ ದಾರಿ' ಎಂದು ಹೆಸರಾಯಿತು. ಮೂವತ್ತನಾಲ್ಕರ ವಯಸ್ಸಿನ ಕವಿ ಆಗಲೇ ಹಿಂತಿರುಗಿ ನೋಡುತ್ತಿರುವುದು ಹೆಸರಿನಿಂದಲೇ ವಿದಿತವಾಗುತ್ತದೆ. ನಿಂತು ನೋಡಿದವನಿಗೆ ಮಾತ್ರ ತಾನು ನಡೆದುದು ಯಾರ ದಾರಿಯಲ್ಲಿ ಎಂಬುದು ಕಾಣಿಸೀತು.

೪

೧೯೫೪ರಲ್ಲಿ 'ಚಂಡೆಮದ್ದಳೆ' ಪ್ರಕಟವಾಯಿತು. ನವ್ಯ ಕಾವ್ಯದ ಚರಿತ್ರೆಯಲ್ಲಿ ಈ ಸಂಗ್ರಹದ ಸ್ಥಾನವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವುದರಿಂದ ಅದನ್ನು ಇಲ್ಲಿ ಮತ್ತೆ ವಿಸ್ತರಿಸುವುದಿಲ್ಲ. ನಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದೆರಡು ಅಂಶಗಳನ್ನು ಮಾತ್ರ ಗಮನಿಸೋಣ.

ಎರಡು ಸಂಗ್ರಹಗಳ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. 'ಭಾವತರಂಗ' ಎಂಬುದು ಯಾವ ಊರಿನ ಕವಿಯಾದರೂ ಇಡಬಹುದಾಗಿದ್ದ ಹೆಸರು. ಅದರಲ್ಲಿ ನೆಲದ ಗುರುತಿಲ್ಲ. ಚಂಡೆ ಮತ್ತು ಮದ್ದಳೆ ಕರಾವಳಿಯ ಯಕ್ಷಗಾನದ ವಾದ್ಯಗಳು. ರಾತ್ರಿಯ ಬಯಲಿನಲ್ಲಿ ಚಂಡೆಯ ಪೆಟ್ಟು ದೂರದ ಊರಿಗೂ ಕೇಳುತ್ತದೆ. ಅದು ಕಿವಿಗೆ ಇಂಪಾಗಿರಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಅದು ಎಚ್ಚರಿಸುವ ನಾದ. ಇಂಗ್ಲಿಷ್ ಸಾಹಿತ್ಯವನ್ನು ಓದಿ, ಅದನ್ನೇ ಬೋಧಿಸುತ್ತಿದ್ದ ಕವಿ ಕಾವ್ಯದಲ್ಲಿ ಆಧುನಿಕನಾಗಲು ಹೊರಟಾಗ ಬಾಲ್ಯದ ಊರಿನ ವಾದ್ಯ ಅವರ ಕೈಗೆ ಬಂದಿತು. ಹೊಸತನ್ನು ಹುಡುಕಿ ಹೊರಟವನಿಗೆ ಹಳೆಯದು ಎದುರಾದ ಈ ಸಂಗತಿ ಆಕಸ್ಮಿಕವಲ್ಲ. ಮುಂದೆ ಇದೇ ನಮ್ಮ ವಾದದ ಕೇಂದ್ರವಾಗುತ್ತದೆ.

ಆದರೆ ಈ ತಿರುವಿಗೆ ಕೊಟ್ಟ ಬೆಲೆಯನ್ನು ಮರೆಯುವಂತಿಲ್ಲ. ಹಾಡಬಹುದಾದ ಕವಿತೆಯನ್ನು ಬರೆಯಬಲ್ಲವರಾಗಿದ್ದ ಕವಿ ಹಾಡಲಾಗದ ಕವಿತೆಯನ್ನು ಬರೆಯತೊಡಗಿದರು. ಸುಲಭವಾಗಿ ಒಲಿಯುತ್ತಿದ್ದ ಓದುಗನನ್ನು ದೂರಮಾಡಿಕೊಂಡರು. ವ್ಯಂಗ್ಯ, ಕಟುಮಾತು, ಆಡುಮಾತು, ಪುರಾಣದ ಪ್ರತಿಮೆ, ನಗರದ ಕೊಳೆ ಇವೆಲ್ಲ ಒಂದೇ ಕವಿತೆಯಲ್ಲಿ ನುಗ್ಗಿದಾಗ, ಅಸ್ಪಷ್ಟತೆಯ ಆಪಾದನೆ ನವ್ಯ ಕಾವ್ಯದ ಮೇಲೆ ಬಂದಿತು. ಆ ಆಪಾದನೆ ಎಲ್ಲ ಕಡೆಯಲ್ಲಿಯೂ ಅನ್ಯಾಯವಾದುದೆಂದು ನಾವು ಹೇಳಲಾರೆವು. ಕೆಲವೆಡೆ ಕವಿತೆ ಓದುಗನಿಗೆ ಕೈಕೊಡುವುದೇ ಇಲ್ಲ. ಅಡಿಗರ ನಿಧನಾನಂತರ ಚಲನಚಿತ್ರದ ಮೂಲಕ ಅವರ 'ಮೋಹನ ಮುರಳಿ' ಮನೆಮನೆಗೆ ತಲುಪಿತು. ಅದು ಆರಂಭದ ಘಟ್ಟದ ರಚನೆ. ಅಡಿಗರ ಹೆಸರನ್ನು ಕೇಳಿದೊಡನೆ ಬಹುಮಂದಿಗೆ ಇಂದಿಗೂ ನೆನಪಾಗುವುದು ಆ ಗೀತ. ಅವರು ಬಹಳ ಶ್ರಮಪಟ್ಟು ಗಳಿಸಿದ ಧ್ವನಿಯ ಕವಿತೆಗಳಲ್ಲ. ಬೆಳೆಯುವ ಲೇಖಕನು ತನ್ನ ಓದುಗನೂ ತನ್ನೊಡನೆ ಬೆಳೆಯುತ್ತಾನೆಂದು ನಂಬಿ ಹೊರಡುವಂತಿಲ್ಲ. ಇದು ಎರಡನೆಯ ಕಷ್ಟ.

೫

ಇನ್ನು ಈ ಶ್ರಮದ ಫಲವೇನು ಎಂಬುದನ್ನು ವಿಚಾರಿಸಬಹುದು. ಇದಕ್ಕೆ ೧೯೫೯ರ 'ಭೂಮಿಗೀತ'ದಲ್ಲಿರುವ 'ಭೂತ' ಎಂಬ ಕವಿತೆಯನ್ನು 'ನನ್ನ ನುಡಿ'ಯೊಡನೆ ಹೋಲಿಸಿ ಓದುವುದು ಉಪಯುಕ್ತ. ಎರಡರ ನಡುವೆ ಹದಿಮೂರು ವರ್ಷಗಳ ಅಂತರವಿದೆ.

'ಭೂತ' ಎಂಬ ಪದದಲ್ಲಿಯೇ ಎರಡು ಅರ್ಥಗಳಿವೆ: ಕಳೆದ ಕಾಲ ಮತ್ತು ಪಿಶಾಚಿ. ಕವಿತೆಯಲ್ಲಿ ಪೂರ್ವಜರ ಕಾಲ ಕವಿಯನ್ನು ಬಿಡದೆ ಕಾಡುತ್ತದೆ. ಅದನ್ನು ಉಚ್ಚಾಟನೆ ಮಾಡಿ ಓಡಿಸುವುದು ಒಂದು ಉಪಾಯ; ಹೂವು ಹಾಕಿ ಪೂಜಿಸಿ ಸುಮ್ಮನಾಗುವುದು ಇನ್ನೊಂದು. ಕವಿತೆ ಕೊನೆಗೆ ತಲುಪುವುದು ಇವೆರಡೂ ಅಲ್ಲದ ನಿಲವನ್ನು. ಮೇಲೆ ಕಾಣುವುದು ಬರಿಯ ಮಣ್ಣು. ಗುದ್ದಲಿ ಹಿಡಿದು ಆಳಕ್ಕೆ ಅಗೆದರೆ ಚಿನ್ನ ದೊರೆಯಬಹುದು. ಆದರೆ ದೊರೆಯುವುದು ಆಭರಣವಲ್ಲ, ಅದಿರು. ಅದನ್ನು ಸುಟ್ಟು, ಸೋಸಿ, ಕಾಯಿಸಿ, ಬಡಿದು ತನ್ನ ಇಷ್ಟದೇವತೆಯ ವಿಗ್ರಹವನ್ನಾಗಿ ಮಾಡುವ ಕೆಲಸವನ್ನು ಇನ್ನು ಮುಂದಾದರೂ ತುಸು ಕಲಿಯಬೇಕು ಎಂಬುದು ಅಲ್ಲಿಯ ನಿಲುಗಡೆ. ಈ ಮಾತನ್ನಾಡುವಾಗ ಕವಿಗೆ ನಾಲ್ವತ್ತರ ಆಸುಪಾಸಿನ ವಯಸ್ಸು. ನಾಲ್ಕು ಸಂಗ್ರಹಗಳು ಆಗಲೇ ಅಚ್ಚಾಗಿದ್ದವು. ಅಂಥ ಕವಿ ತಾನು ಕಸುಬನ್ನು ಇನ್ನೂ ಕಲಿಯಬೇಕಾಗಿದೆ ಎನ್ನುತ್ತಾರೆ.

ಈಗ ೧೯೪೬ರ ಹಂಬಲವನ್ನು ನೆನೆಯೋಣ. ಅಲ್ಲಿ ಇತರರ ಮಾತು ಕವಿಗೆ ಅಡ್ಡಿಯಾಗಿತ್ತು. ಅದನ್ನು ಕಳಚಿದರೆ ಒಳಗೆ ತನ್ನ ನುಡಿ ಇದ್ದೇ ಇದೆ ಎಂಬ ನಂಬಿಕೆ ಆ ಕವಿತೆಯ ಹಿನ್ನೆಲೆಯಲ್ಲಿದೆ. ೧೯೫೯ರ ವೇಳೆಗೆ ಆ ನಂಬಿಕೆ ಉಳಿದಿಲ್ಲ. ಹಿಂದಿನವರಿಂದ ಬಂದುದು ಈಗ ಅಡ್ಡಿಯಲ್ಲ, ಅದಿರು. ಕೊರತೆಯಿರುವುದು ಸ್ವಂತಿಕೆಯಲ್ಲಿ ಅಲ್ಲ, ಕೆಲಸದಲ್ಲಿ. ಎಂದರೆ ಕವಿ ತಾನು ಮೊದಲು ಬಯಸಿದುದನ್ನು ಪಡೆದರು ಎನ್ನುವುದಕ್ಕಿಂತ, ಆ ಬಯಕೆಯೇ ತಿದ್ದುಪಡಿಯನ್ನು ಹೊಂದಿತು ಎನ್ನುವುದು ಸರಿ. ನಮ್ಮ ಅಭಿಪ್ರಾಯದಲ್ಲಿ ಲೇಖಕನ ಬೆಳವಣಿಗೆಯ ನಿಜವಾದ ಫಲ ಇದೇ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವುದು ಚಿಕ್ಕ ಲಾಭ. ಪ್ರಶ್ನೆಯನ್ನು ಸರಿಯಾಗಿ ಕೇಳಲು ಬರುವುದು ದೊಡ್ಡ ಲಾಭ.

ಈ ತೀರ್ಮಾನಕ್ಕೆ ಛಂದಸ್ಸಿನಿಂದಲೂ ಸಮರ್ಥನೆ ದೊರೆಯುತ್ತದೆ. ನವ್ಯ ಕಾವ್ಯವೆಂದರೆ ಛಂದಸ್ಸನ್ನು ಬಿಟ್ಟುದು ಎಂಬ ತಪ್ಪುಕಲ್ಪನೆ ವಿದ್ಯಾರ್ಥಿಗಳಲ್ಲಿ ಬಹಳ ಹರಡಿದೆ. 'ನನ್ನ ನುಡಿ'ಯ ಸಾಲುಗಳಿಗೆ ಪ್ರಸ್ತಾರ ಹಾಕಿದರೆ ಐದು ಮಾತ್ರೆಯ ಗಣಗಳು ಕಾಣುತ್ತವೆ. 'ಕಟ್ಟುವೆವು ನಾವು' ಸಂಗ್ರಹದ ಶೀರ್ಷಿಕೆಯ ಕವಿತೆಯೂ ಐದು ಮಾತ್ರೆಯ ನಡೆಯಲ್ಲಿದೆ. 'ಭೂತ'ದ ಸಾಲುಗಳಿಗೆ ಪ್ರಸ್ತಾರ ಹಾಕಿದರೂ ಆಧಾರವಾಗಿ ದೊರೆಯುವುದು ಅದೇ ಪಂಚಮಾತ್ರಾ ಗಣ. ಇದು ಅಡಿಗರು ಕಂಡುಹಿಡಿದುದೂ ಅಲ್ಲ, ನವೋದಯದವರು ಕಂಡುಹಿಡಿದುದೂ ಅಲ್ಲ. ಲಲಿತ ರಗಳೆಯ ಗಣ ಇದೇ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯ ಗಣವೂ ಇದೇ. ಹಾಗಾದರೆ ಬದಲಾದುದು ಯಾವುದು? ಮೊದಲ ಕವಿತೆಯಲ್ಲಿ ವಾಕ್ಯವೂ ಸಾಲೂ ಬಹುಮಟ್ಟಿಗೆ ಒಟ್ಟಿಗೆ ಮುಗಿಯುತ್ತವೆ. ಗಣದ ಏರಿಳಿತವೇ ಭಾವದ ಏರಿಳಿತವೂ ಆಗುತ್ತದೆ. 'ಭೂತ'ದಲ್ಲಿ ವಾಕ್ಯ ಸಾಲನ್ನು ದಾಟಿ ಹರಿಯುತ್ತದೆ, ಸಾಲಿನ ನಡುವೆ ನಿಲ್ಲುತ್ತದೆ. ಸಂಧಿಗಳು ಪದಗಳನ್ನು ಹಳಗನ್ನಡದ ಬಿಗಿಯಲ್ಲಿ ಹೆಣೆಯುತ್ತವೆ. ಅದರ ಬೆನ್ನಿಗೇ ಕಸುಬುದಾರನ ದಿನಬಳಕೆಯ ಮಾತು ಬರುತ್ತದೆ. ಗಣ ಕೆಳಗೆ ಸಮನಾಗಿ ಬಡಿಯುತ್ತಿರುತ್ತದೆ, ಅರ್ಥ ಮೇಲೆ ಅದರೊಡನೆ ಸೆಣಸುತ್ತಿರುತ್ತದೆ. ಅಳತೆ ಹಳೆಯದು, ಅದು ಹೊರುವ ಭಾರ ಹೊಸದು. ಕವಿ ತನ್ನ ನುಡಿಯನ್ನು ಕಂಡುಕೊಂಡುದು ಪರಂಪರೆಯ ಹೊರಗಲ್ಲ, ಅದರ ತಳದಲ್ಲಿ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಬೇಕಾಗಿಲ್ಲ.

೬

ಒಬ್ಬ ಕವಿಯಿಂದ ಪಡೆದ ತೀರ್ಮಾನವನ್ನು ಸಾರ್ವತ್ರಿಕವೆಂದು ಸಾರುವುದು ಯುಕ್ತವಲ್ಲ. ಆದುದರಿಂದ ಸ್ವಭಾವದಲ್ಲಿ ಅಡಿಗರಿಗಿಂತ ತೀರ ಭಿನ್ನರಾದ ಇಬ್ಬರು ಕವಿಗಳನ್ನು ಸಂಕ್ಷೇಪವಾಗಿ ನೋಡೋಣ.

ಕುವೆಂಪು ಅವರು ವಿದ್ಯಾರ್ಥಿದೆಸೆಯಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಆ ಕವಿತೆಗಳ ಪುಟ್ಟ ಪುಸ್ತಕ ೧೯೨೨ರಲ್ಲಿ ಅಚ್ಚಾಗಿತ್ತು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ತಾಯ್ನುಡಿಯಲ್ಲಿ ಬರೆಯಬೇಕೆಂಬ ಸಲಹೆ ದೊರೆಯಿತು. ಆ ಸಲಹೆ ತರುಣ ಕವಿಗೆ ಒಡನೆಯೇ ಹಿಡಿಸಲಿಲ್ಲವೆಂಬುದನ್ನೂ, ತಮ್ಮ ಭಾವಗಳಿಗೆ ಬೇಕಾದ ಛಂದೋವೈವಿಧ್ಯ ಕನ್ನಡದಲ್ಲಿಲ್ಲವೆಂದು ತಾವು ಆಗ ಭಾವಿಸಿದ್ದರೆಂಬುದನ್ನೂ ಅವರು ತಮ್ಮ ಆತ್ಮಕಥನದಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ. ಇಲ್ಲಿಯೂ ತರುಣನ ಪ್ರಶ್ನೆ ತಪ್ಪಾಗಿತ್ತು. ಕನ್ನಡದಲ್ಲಿ ಏನಿಲ್ಲ ಎಂದು ಕೇಳುತ್ತಿದ್ದ ಕವಿ, ಇರುವುದರಿಂದ ಏನು ಮಾಡಬಹುದು ಎಂದು ಕೇಳುವ ಹಂತವನ್ನು ಮುಟ್ಟಿದಾಗ, ಐದು ಮಾತ್ರೆಯ ಗಣದ ಮೇಲೆ ನಿಂತ ಸರಳ ರಗಳೆಯೇ ವಿಸ್ತಾರಗೊಂಡು 'ಶ್ರೀ ರಾಮಾಯಣ ದರ್ಶನಂ'ನ ಮಹಾಛಂದಸ್ಸಾಯಿತು. ಆ ಕೃತಿ ಪ್ರಕಟವಾದುದು ೧೯೪೯ರಲ್ಲಿ. ಸಲಹೆಗೂ ಕೃತಿಗೂ ನಡುವೆ ಇಪ್ಪತ್ತೈದು ವರ್ಷಗಳಿವೆ. ಒಂದು ಮಾತು ಲೇಖಕನಲ್ಲಿ ಫಲಿಸಲು ಎಷ್ಟು ಕಾಲ ಬೇಕಾದೀತೆಂಬುದಕ್ಕೆ ಇದೊಂದು ನಿದರ್ಶನ.

ಕೆ. ಎಸ್. ನರಸಿಂಹಸ್ವಾಮಿಯವರ ಕಷ್ಟ ಬೇರೆ ಬಗೆಯದು. ೧೯೪೨ರಲ್ಲಿ ಬಂದ 'ಮೈಸೂರು ಮಲ್ಲಿಗೆ' ಕನ್ನಡದ ಅತ್ಯಂತ ಜನಪ್ರಿಯ ಕವನಸಂಗ್ರಹಗಳಲ್ಲಿ ಒಂದಾಯಿತು. ೧೯೯೨ರಲ್ಲಿ ಅದರ ಗೀತಗಳನ್ನು ಆಧರಿಸಿ ಚಲನಚಿತ್ರವೂ ಬಂದಿತು. ಇಪ್ಪತ್ತೇಳರ ಪ್ರಾಯದಲ್ಲಿ ದೊರೆತ ಇಂಥ ಪ್ರೀತಿಯನ್ನು ಹೊತ್ತು ಲೇಖಕನು ಮುಂದೆ ನಡೆಯುವುದು ಹೇಗೆ? ಅದೇ ಹೂವನ್ನು ಮತ್ತೆ ಮತ್ತೆ ಕಟ್ಟಿಕೊಡು ಎಂದು ಓದುಗ ಕೇಳುತ್ತಿರುತ್ತಾನೆ. ಕೊಟ್ಟರೆ ಅದು ಹಿಂದಿನಂತಿಲ್ಲ ಎನ್ನುತ್ತಾನೆ. ಬೇರೆಯದನ್ನು ಕೊಟ್ಟರೆ ಇದು ನಿನ್ನದಲ್ಲ ಎನ್ನುತ್ತಾನೆ. ನಿಂದೆಗಿಂತ ಮೆಚ್ಚುಗೆಯೇ ದೊಡ್ಡ ಅಡಚಣೆಯಾಗುವುದು ಹೀಗೆ. ನರಸಿಂಹಸ್ವಾಮಿಯವರು ಅಡಿಗರಂತೆ ತಮ್ಮ ಮೊದಲ ಧ್ವನಿಯೊಡನೆ ಜಗಳಕ್ಕೆ ನಿಲ್ಲಲಿಲ್ಲ. ೧೯೫೮ರ 'ಶಿಲಾಲತೆ'ಯಲ್ಲಿ ಅವರ ಕವಿತೆ ನವ್ಯದ ಗಾಳಿಗೆ ಮೈಯೊಡ್ಡಿ, 'ಗಡಿಯಾರದಂಗಡಿಯ ಮುಂದೆ' ಬಂದು ನಿಂತಿತು. ೧೯೬೦ರ 'ಮನೆಯಿಂದ ಮನೆಗೆ' ಮತ್ತು ೧೯೭೬ರ 'ತೆರೆದ ಬಾಗಿಲು' ಸಂಗ್ರಹಗಳ ನಡುವೆ ಹದಿನಾರು ವರ್ಷಗಳ ಅಂತರವಿದೆ. ಈ ಎರಡು ಹೆಸರುಗಳಲ್ಲಿಯೂ ಮನೆ ಇದೆ. 'ಮೈಸೂರು ಮಲ್ಲಿಗೆ'ಯ ದಾಂಪತ್ಯಗೀತಗಳ ಜಗತ್ತು ಮನೆಯೇ ಆಗಿತ್ತೆಂಬುದನ್ನು ನೆನೆದರೆ, ಕವಿ ತಮ್ಮ ಅದಿರನ್ನು ಬದಲಾಯಿಸಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹೊಸ ದಂಪತಿಗಳ ಸರಸಕ್ಕೆ ಆವರಣವಾಗಿದ್ದ ಮನೆ ಮುಂದೆ ವಯಸ್ಸಿನ, ದಣಿವಿನ, ಬಂದುಹೋಗುವವರ ಮನೆಯಾಯಿತು. 'ತೆರೆದ ಬಾಗಿಲು' ಸಂಗ್ರಹಕ್ಕೆ ೧೯೭೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆದರೂ ಸಾಮಾನ್ಯ ಓದುಗನ ಮಟ್ಟಿಗೆ ಅವರು ಕಡೆಯವರೆಗೂ 'ಮಲ್ಲಿಗೆಯ ಕವಿ'ಯಾಗಿಯೇ ಉಳಿದರು.

ಮೂವರ ಮಾರ್ಗಗಳೂ ಬೇರೆ. ಒಬ್ಬರಿಗೆ ಪರಭಾಷೆ, ಒಬ್ಬರಿಗೆ ಹಿರಿಯರ ಭಾಷೆ, ಒಬ್ಬರಿಗೆ ತಮ್ಮದೇ ಜನಪ್ರಿಯ ಭಾಷೆ ತೊಡಕಾಯಿತು. ಆದರೆ ಮೂವರಲ್ಲಿಯೂ ಬೆಳವಣಿಗೆ ನಡೆದುದು ಕೈಯಲ್ಲಿದ್ದುದನ್ನು ಎಸೆದು ಬೇರೊಂದನ್ನು ಎತ್ತಿಕೊಂಡುದರಿಂದಲ್ಲ. ಕೈಯಲ್ಲಿದ್ದುದನ್ನು ಮತ್ತೊಮ್ಮೆ ಕುಲುಮೆಗೆ ಹಾಕಿದುದರಿಂದ.

೭

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಲೇಖಕನು ಒಮ್ಮೆ ತನ್ನ ಧ್ವನಿಯನ್ನು ಪಡೆದ ಮೇಲೆ ಕಷ್ಟ ತೀರಿತಲ್ಲವೇ ಎಂದು ಕೇಳಬಹುದು. ತೀರುವುದಿಲ್ಲವೆಂಬುದನ್ನು ಅಡಿಗರ ಮುಂದಿನ ಕಾವ್ಯವೂ ಅವರ ಅನುಯಾಯಿಗಳ ಕಾವ್ಯವೂ ತೋರಿಸುತ್ತವೆ. ಸ್ವಂತ ಧ್ವನಿಯೂ ರೂಢಿಯಾಗಬಲ್ಲುದು. 'ಭೂಮಿಗೀತ'ದ ಬಳಿಕ ಅಡಿಗರ ಧಾಟಿಯೇ ಒಂದು ತಲೆಮಾರಿನ ಕವಿಗಳಿಗೆ ಸಿದ್ಧಮಾದರಿಯಾಯಿತು. ಅದೇ ವ್ಯಂಗ್ಯ, ಅದೇ ಜಿಗುಪ್ಸೆ, ಅದೇ ಪುರಾಣಪ್ರತಿಮೆಗಳು ಸುಲಭವಾಗಿ ಕೈಗೆ ಬಂದವು. ಸೇವಿತೃಗಳ ಹೊಸ ಪಂಕ್ತಿಯೊಂದು ಏರ್ಪಟ್ಟಿತು. ದೇವತೆ ಮಾತ್ರ ಬದಲಾಗಿದ್ದಿತು. ಅಡಿಗರ ಸ್ವಂತ ರಚನೆಗಳಲ್ಲಿಯೂ, ವಿಶೇಷವಾಗಿ ೧೯೭೫ರ 'ಇದನ್ನು ಬಯಸಿರಲಿಲ್ಲ' ಸಂಗ್ರಹದ ಈಚೆಗೆ, ಧ್ವನಿ ಬಲವಾಗಿದ್ದು ಅನುಭವ ಅದಕ್ಕೆ ಸಮನಾಗಿ ಒದಗದ ಕವಿತೆಗಳು ಇಲ್ಲದಿಲ್ಲವೆಂದು ನಮಗೆ ತೋರುತ್ತದೆ. ಬೆಳವಣಿಗೆ ನೇರವಾದ ಏರುದಾರಿಯಲ್ಲ.

ಅಡಿಗರು ಇದನ್ನು ಅರಿಯದವರಲ್ಲ. ೧೯೭೨ರ ಸಂಗ್ರಹಕ್ಕೆ ಅವರು ಇಟ್ಟ ಹೆಸರು 'ವರ್ಧಮಾನ'. ವ್ಯಾಕರಣದ ದೃಷ್ಟಿಯಿಂದ ಇದು 'ವೃಧ್' ಧಾತುವಿನ ವರ್ತಮಾನ ಕೃದಂತ. 'ವೃದ್ಧ' ಎಂದರೆ ಬೆಳೆದು ಮುಗಿದವನು. 'ವರ್ಧಮಾನ' ಎಂದರೆ ಬೆಳೆಯುತ್ತಿರುವವನು. ಐವತ್ತನ್ನು ದಾಟಿದ ಕವಿ ಮುಗಿದ ಕ್ರಿಯೆಯನ್ನು ಹೇಳುವ ಪದವನ್ನು ಬಿಟ್ಟು ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಪದವನ್ನು ಆರಿಸಿದುದರಲ್ಲಿ ನಮ್ಮ ವಿಚಾರಕ್ಕೆ ಬೇಕಾದ ಸೂಚನೆಯಿದೆ. ಈ ಸಂಗ್ರಹಕ್ಕೆ ೧೯೭೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ಗೌರವ, ಬೆಳವಣಿಗೆಯ ಫಲವನ್ನು ನಾವು ಬೇರೆಡೆಯಲ್ಲಿ ಹುಡುಕಬೇಕೆಂದು ಮೇಲೆ ತೋರಿಸಿದ್ದೇವೆ.

ಕೊನೆಯದಾಗಿ, ಈ ವಿಚಾರ ಅಧ್ಯಾಪಕರಾದ ನಮಗೂ ಸಂಬಂಧಿಸಿದುದು. ನಮ್ಮ ಪಠ್ಯಸಂಕಲನಗಳು ಒಬ್ಬೊಬ್ಬ ಕವಿಯಿಂದ ಒಂದೊಂದು ಕವಿತೆಯನ್ನು ಆರಿಸುತ್ತವೆ. ವಿದ್ಯಾರ್ಥಿಗೆ ಮಲ್ಲಿಗೆಯ ಒಂದು ಗೀತ, ಅಡಿಗರ ಒಂದು ಕವಿತೆ, ಕುವೆಂಪು ಅವರ ಒಂದು ಖಂಡ ದೊರೆಯುತ್ತವೆ. ಅವನು ಫಲಗಳನ್ನು ಮಾತ್ರ ಕಾಣುತ್ತಾನೆ. ಒಂದು ಕವಿತೆಗೂ ಇನ್ನೊಂದಕ್ಕೂ ನಡುವೆ ಇರುವ ವರ್ಷಗಳು ಅವನಿಗೆ ಕಾಣುವುದಿಲ್ಲ. ಆದುದರಿಂದ ಒಳ್ಳೆಯ ಕವಿ ಮೊದಲಿನಿಂದಲೇ ತನ್ನ ನುಡಿಯಲ್ಲಿ ಬರೆಯುತ್ತಾನೆಂದು ಅವನು ಭಾವಿಸುತ್ತಾನೆ. ತಾನು ಬರೆದುದು ಯಾರದೋ ಛಾಯೆಯೆಂದು ತಿಳಿದ ದಿನ ತನಗೆ ಪ್ರತಿಭೆಯಿಲ್ಲವೆಂದು ತೀರ್ಮಾನಿಸಿ ಲೇಖನಿಯನ್ನು ಕೆಳಗಿಡುತ್ತಾನೆ. ಇದಕ್ಕಿಂತಲೂ ಕೆಟ್ಟುದೆಂದರೆ, ಕೆಲವೊಮ್ಮೆ ನಾವು ಆ ಛಾಯೆಯನ್ನೇ ಮೆಚ್ಚಿ, ಇಂಥವರಂತೆ ಬರೆದಿದ್ದೀಯೆ ಎಂದು ಅವನ ಬೆನ್ನು ತಟ್ಟುವುದು.

ಕವಿಯೊಬ್ಬನ ಎರಡು ಸಂಗ್ರಹಗಳನ್ನಾದರೂ ಪ್ರಕಟಣೆಯ ಕ್ರಮದಲ್ಲಿ ತರಗತಿಯಲ್ಲಿ ಓದಿಸುವುದು, 'ನನ್ನ ನುಡಿ'ಯನ್ನೂ 'ಭೂತ'ವನ್ನೂ ಒಂದೇ ವಾರದಲ್ಲಿ ಪಾಠಮಾಡಿ ವಿದ್ಯಾರ್ಥಿಗಳಿಂದಲೇ ಪ್ರಸ್ತಾರ ಹಾಕಿಸುವುದು ದುಸ್ಸಾಧ್ಯವಾದ ಕೆಲಸವಲ್ಲ. ಆಗ ಅವರಿಗೆ ಒಂದು ವಿಷಯ ತಾನಾಗಿಯೇ ತಿಳಿದೀತು. ಎರವಲಿನ ನುಡಿಯಲ್ಲಿ ತೊಡಗುವುದು ಅವಮಾನವಲ್ಲ, ಅದು ಅದಿರು. ಅದು ಅದಿರೆಂದು ತಿಳಿದ ದಿನ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ.